ಮಷೀನು ನಿಲ್ಲಿಸಿದ ಕತೆ

ಜನಪರ ಬರಹಗಾರರ ಸಂಘ ಹುಟ್ಟಿದ್ದು ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸರ್ಕಾರದ ವಿರುದ್ಧ ಬರೆಯುವವರಿಗೆ ಆಗ ಯಾರೂ ಜಾಗ ಕೊಡುತ್ತಿರಲಿಲ್ಲ, ಚಿಕ್ಕಮ್ಮ ಕೊಟ್ಟಳು. ಗೋಡೆಗೂ ಕಿವಿ ಇದ್ದ ಕಾಲ. ಒಳಗೆ ಓದಿದ್ದು ಬೀದಿಗೆ ಕೇಳಬಾರದೆಂದು, ಓದು ಮುಗಿಯುವವರೆಗೂ ಅವಳು ಹೊಲಿಗೆ ಮಷೀನು ತುಳಿಯುತ್ತಿದ್ದಳು.

ಸರ್ಕಾರ ಬದಲಾಯಿತು, ಹೆದರಿಕೆ ಹೋಯಿತು, ಆದರೆ ಮಷೀನಿನ ಸದ್ದಿಲ್ಲದೆ ಓದಲು ಯಾರಿಗೂ ನಾಲಿಗೆ ಹೊರಳುತ್ತಿರಲಿಲ್ಲ. ರೂಢಿ ಹಾಗೇ ಉಳಿಯಿತು. ಅದರ ಮೇಲೆ ಇನ್ನೊಂದು ಹುಟ್ಟಿಕೊಂಡಿತು: ಓದಿದ್ದು ಮನಸ್ಸಿಗೆ ತಾಕಿದರೆ ಚಿಕ್ಕಮ್ಮನ ಕಾಲು ತಾನಾಗಿ ನಿಲ್ಲುತ್ತಿತ್ತು. ಪತ್ರಿಕೆಯ ವಿಮರ್ಶೆಗಿಂತ ಬರಹಗಾರರಿಗೆ ಆ ಕಾಲಿನ ಭಯವೇ ಹೆಚ್ಚು. ಬರೀ ಘೋಷಣೆ ಪೋಣಿಸಿದ ಪದ್ಯವಾದರೆ ಅದು ಮುಗಿಯುವಷ್ಟರಲ್ಲಿ ಒಂದು ಲಂಗ ಸಿದ್ಧವಾಗುತ್ತಿತ್ತು. ಪ್ರೇಮಪದ್ಯ ಜನಪರವೋ ಅಲ್ಲವೋ ಎಂದು ಕಿತ್ತಾಡಿ ಸಂಘ ಒಮ್ಮೆ ಎರಡು ಹೋಳಾಯಿತು. ಒಂದು ಬಣ ಸೋಮವಾರ, ಇನ್ನೊಂದು ಗುರುವಾರ ಸೇರತೊಡಗಿತು. ಕೋಣೆ ಅದೇ, ಮಷೀನು ಅದೇ. ಎರಡೂ ದಿನ ಮಷೀನು ನಿಲ್ಲದ್ದು ಕಂಡು ಮತ್ತೆ ಒಂದಾದರು.

ಅಧ್ಯಕ್ಷರು ನಿವೃತ್ತ ಮೇಷ್ಟ್ರು. ದನಿ ಕೇಳಿ ನಾವಿಟ್ಟ ಹೆಸರು ಗುಡುಗು ಮೇಷ್ಟ್ರು. ವಾರ್ಷಿಕೋತ್ಸವದಲ್ಲಿ ಅವರ ಭಾಷಣ ಪ್ರತಿ ವರ್ಷ ಒಂದೇ: ಆ ಕಾಲದಲ್ಲಿ ಇನ್ಸ್‌ಪೆಕ್ಟರು ಹಿಡಿಯಲು ಬಂದಾಗ ಈ ಕೋಣೆಯ ಹಿಂದಿನ ಗೋಡೆಯನ್ನು ಚಿರತೆಯ ಹಾಗೆ ಹಾರಿ ತಪ್ಪಿಸಿಕೊಂಡದ್ದು.

ಇಷ್ಟೆಲ್ಲ ಆದರೂ ಚಿಕ್ಕಮ್ಮ ಸದಸ್ಯೆಯಲ್ಲ. ಸದಸ್ಯರಾಗಲು ತಾವೇ ಬರೆದದ್ದನ್ನು ಓದಬೇಕು, ಎಲ್ಲರೂ ಕೈ ಎತ್ತಿ ಒಪ್ಪಬೇಕು. ಅವಳಿಗೆ ಆ ಆಸೆ ಎಷ್ಟಿತ್ತೆಂದು ಅವಳ ಮಡಿಲಲ್ಲೇ ಬೆಳೆದ ನನಗೆ ಮಾತ್ರ ಗೊತ್ತು. ಅರವತ್ತು ದಾಟಿದ ಮೇಲೆ ಒಂದು ಸಂಜೆ, ಕೊರಳಿನ ಟೇಪು ತೆಗೆದಿಟ್ಟು, "ಈ ಸಲ ನಾನೂ ಓದ್ತೀನಿ" ಅಂದಳು.

"ಮಷೀನು ಯಾರು ತುಳೀತಾರೆ?" ಖಜಾಂಚಿಗೆ ಅದೇ ಚಿಂತೆ.

"ನಾನು ತುಳೀತೀನಿ, ನೀನು ಓದಮ್ಮ," ಎಂದು ಗುಡುಗು ಮೇಷ್ಟ್ರು ಸ್ಟೂಲಿನ ಮೇಲೆ ಕೂತರು.

ಚಿಕ್ಕಮ್ಮ ಹಾಳೆ ಬಿಚ್ಚಿ ಓದತೊಡಗಿದಳು. ಕತೆ ಚಿಕ್ಕದು. ಹೊಲಿಗೆಯವಳ ಅಂಗಡಿಗೆ, ಒಬ್ಬ ಕವಿಯನ್ನು ಹಿಡಿಯಲು ಇನ್ಸ್‌ಪೆಕ್ಟರು ನುಗ್ಗುತ್ತಾನೆ. ಅವಳು ಅಡ್ಡ ನಿಂತು, "ಸಾಹೇಬ್ರೇ, ಅಂಗಿ ಗುಂಡಿ ಬೀಳೋ ಹಾಗಿದೆ, ಹೀಗೇ ಹೋದ್ರೆ ಜನ ನಗ್ತಾರೆ" ಅನ್ನುತ್ತಾಳೆ. ಅವನು ನಿಲ್ಲುತ್ತಾನೆ. ಅವಳು ನಿಧಾನವಾಗಿ, ಬಲು ನಿಧಾನವಾಗಿ ಹೊಲಿಯುತ್ತಾಳೆ. ಎದೆಯ ಮೇಲೆ ಸೂಜಿ ಆಡುವಾಗ ಎಂಥ ಇನ್ಸ್‌ಪೆಕ್ಟರಾದರೂ ಅಲುಗಾಡುವಂತಿಲ್ಲ. ಅಷ್ಟರಲ್ಲಿ ಹಿಂದೆ ಕವಿ ಗೋಡೆ ಹತ್ತುತ್ತಿದ್ದಾನೆ.

ಮಷೀನು ನಿಂತಿತು.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?"

"ಚಿರತೆ ಅಂತಿದ್ರಿ. ಕೇಳೋಕೆ ಚೆನ್ನಾಗಿತ್ತು ಮೇಷ್ಟ್ರೇ."

"ಒಂದು ಗುಂಡಿಗೆ ಅಷ್ಟು ಹೊತ್ತಾ ಅಂತ ಅವನು ಕೇಳ್ಲಿಲ್ವಾ?"

"ಒಂದೆಲ್ಲಿ? ನೀವು ಗೋಡೆ ಹತ್ತೋಷ್ಟರಲ್ಲಿ ಐದೂ ಗುಂಡಿ ಕಿತ್ತು ಹೊಲಿದಿದ್ದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು; ಎಲ್ಲರಿಗಿಂತ ಜೋರಾಗಿ ಮೇಷ್ಟ್ರೇ. ಕೈ ಎತ್ತುವಾಗ ಅವರು ಎರಡೂ ಕೈ ಎತ್ತಿದರು. ಒಬ್ಬರಿಗೆ ಒಂದೇ ಎಂದು ಖಜಾಂಚಿ ನಿಯಮ ನೆನಪಿಸಿದರೂ ಇಳಿಸಲಿಲ್ಲ. ನನಗೆ ಅವತ್ತಿನಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆ ವರ್ಷದ ವಾರ್ಷಿಕೋತ್ಸವದಲ್ಲೂ ಮೇಷ್ಟ್ರು ಗೋಡೆಯ ಕತೆಯನ್ನೇ ಶುರು ಮಾಡಿದರು. ಇನ್ಸ್‌ಪೆಕ್ಟರು ಅಂಗಡಿಗೆ ನುಗ್ಗುವ ಕಡೆ ಬಂದು ಮಾತು ನಿಲ್ಲಿಸಿ, "ಇಲ್ಲಿಂದ ಮುಂದೆ ನಾನು ನೋಡಿಲ್ಲ, ಓಡ್ತಿದ್ದೆ. ನಮ್ಮ ಸದಸ್ಯೆ ಹೇಳ್ತಾರೆ," ಎಂದು ಕೂತರು.