ಸಾಕಮ್ಮನ ಪಾತ್ರೆಗಳು

ಮೋಡ ಕವಿದ ದಿನ ನನ್ನ ಬೀರು ತೆರೆದರೆ ಹೊಗೆಸೊಪ್ಪಿನ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಹೊಗೆಸೊಪ್ಪು ಮುಟ್ಟುವವರು ಯಾರೂ ಇಲ್ಲ. ಇವತ್ತು ಬೆಳಿಗ್ಗೆಯೂ ಬಂತು, ಗಿಣಿಹಸಿರು ಸೀರೆಯೊಂದರ ಮಡಿಕೆಯಿಂದ, ಯಾರೋ ಬೆನ್ನ ಹಿಂದೆ ನಿಂತು ಮೆಲ್ಲಗೆ ಉಸಿರು ಬಿಟ್ಟ ಹಾಗೆ. ಗಾಬರಿಯಾಗಬೇಡಿ. ಅದು ದಾನದಂಗಡಿಯ ವಾಸನೆ.

ನಮ್ಮ ಹುಣಸೂರಿನಲ್ಲಿ ಹಾಗೊಂದು ಅಂಗಡಿ ಇದೆ. ಅನಾಥ ಮಕ್ಕಳನ್ನು ನೋಡಿಕೊಳ್ಳುವ ಆಶ್ರಮವೊಂದು ಅದನ್ನು ಹಳೆಯ ಹೊಗೆಸೊಪ್ಪಿನ ಗೋದಾಮಿನಲ್ಲಿ ನಡೆಸುತ್ತದೆ. ಜನ ತಮಗೆ ಬೇಡವಾದದ್ದನ್ನು ತಂದು ಕೊಡುತ್ತಾರೆ, ನನ್ನಂಥವರು ಹೋಗಿ ಕೊಳ್ಳುತ್ತೇವೆ, ಬಂದದ್ದು ಮಕ್ಕಳ ಊಟಕ್ಕೆ. ಬೋರ್ಡಿನ ಮೇಲೆ ಉದ್ದನೆಯ ಹೆಸರೇನೋ ಇದೆ. ಊರವರ ಬಾಯಲ್ಲಿ ಅದು ದಾನದಂಗಡಿ. ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯಿಂದ ಸೊಪ್ಪಿನ ಘಾಟು ಹೋಗಿಲ್ಲ. ಅಲ್ಲಿ ಎರಡು ದಿನ ಕೂತ ವಸ್ತುವಿಗೆಲ್ಲ ಅದು ಹತ್ತಿಕೊಳ್ಳುತ್ತದೆ. ಮೇಜಿನ ಹಿಂದೆ ಕೂರುವವರು ಸ್ಟೆಲ್ಲಾ ಎಂಬ ನಿವೃತ್ತ ನರ್ಸು. ಬಂದ ಚಮಚವನ್ನೂ ನಾಡಿ ನೋಡುವವರಂತೆ ಹಿಡಿದು ನೋಡುತ್ತಾರೆ.

ನಾನು ಬಿಳಿಕೆರೆಯಲ್ಲಿ ಟೀಚರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹುಣಸೂರಿನಲ್ಲಿ ಬಸ್ಸಿಳಿದರೆ ಕಾಲು ತಾನಾಗಿ ಆ ಕಡೆ ತಿರುಗುತ್ತದೆ. ಬೇರೆ ಅಂಗಡಿಗೆ ನಾವು ಬೇಕಾದದ್ದರ ಚೀಟಿ ಹಿಡಿದು ಹೋಗುತ್ತೇವೆ. ದಾನದಂಗಡಿಗೆ ಹೋದ ಮೇಲೆಯೇ ನಮಗೆ ಏನು ಬೇಕಾಗಿತ್ತು ಎಂಬುದು ತಿಳಿಯುವುದು. ಒಮ್ಮೆ ತೇಗದ ಮಣೆ, ಒಮ್ಮೆ ಕಣ್ಣಿಗೆ ತಂಪಾದ ನೀಲಿ ಗಾಜಿನ ಭರಣಿ. ಹೀಗೆ ಸಿಕ್ಕಿದ ದಿನ ನಾನು ಬೇಟೆಯಾಡಿ ಬಂದವಳಂತೆ ಮನೆಗೆ ನಡೆಯುತ್ತೇನೆ. ಮೋಸ ಹೋದದ್ದನ್ನೂ ಹೇಳಬೇಕಲ್ಲ. ಮುಚ್ಚಳ ಕೂರದ ಮಿಕ್ಸಿ ಜಾರು, ಎರಡೂ ಎಡಗಾಲಿನವೇ ಆದ ಚಪ್ಪಲಿ, ಅಲಾರಾಂ ಮಾತ್ರ ಹೊಡೆಯುವ ಗಡಿಯಾರ. ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ.

ಬರೆಯದೇ ಬಿಟ್ಟಿರುವ ತೊಂದರೆ ಇನ್ನೊಂದಿದೆ. ಅಲ್ಲಿಂದ ತಂದ ವಸ್ತು ಒಂಟಿಯಾಗಿ ಬರುವುದಿಲ್ಲ. ಆ ಗಿಣಿಹಸಿರು ಸೀರೆಯನ್ನು ಉಟ್ಟು ಒಮ್ಮೆ ಕೆ.ಆರ್. ನಗರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನ ಹಿಂದೆ ಹಿಂದೆಯೇ ಬಂದಳು, ನಡಿಗೆ ಚುರುಕು ಮಾಡಿ ಮುಂದೆ ಹೋದಳು, ತಿರುಗಿ ನನ್ನ ಮುಖ ನೋಡಿದಳು. "ಓ... ಅಲ್ಲ," ಎಂದಳು. ಅಷ್ಟೇ. ಅವಳ ಕಣ್ಣಿನಲ್ಲಿದ್ದದ್ದು ಎಂಥ ಆಸೆ, ಅದು ಆರಿದ್ದು ಹೇಗೆ, ಎರಡನ್ನೂ ನಾನು ನೋಡಿದೆ. ನನ್ನಜ್ಜಿ ಹೇಳುತ್ತಿದ್ದಳು: "ಸತ್ತೋರ ಬಟ್ಟೆ ಉಟ್ರೆ ಅವ್ರ ಕನಸು ನಮಗೆ ಬೀಳ್ತದೆ ಕಣವ್ವ." ಅಂದಿನಿಂದ ಬಟ್ಟೆ ಕೊಳ್ಳುವುದನ್ನು ಬಿಟ್ಟೆ. ಪಾತ್ರೆಯಾದರೆ ಬೆಂಕಿ ಮುಟ್ಟಿ ಶುದ್ಧವಾದದ್ದು, ಅದಕ್ಕೇನೂ ಅಂಟಿರುವುದಿಲ್ಲ ಎಂದುಕೊಂಡೆ. ನನ್ನ ಬುದ್ಧಿವಂತಿಕೆ ಯಾವಾಗಲೂ ಹೀಗೆಯೇ.

ನಮ್ಮ ಕಡೆ ಪಾತ್ರೆ ಕೊಂಡರೆ ಹೆಸರು ಹಾಕಿಸುವುದುಂಟು. ಅಂಗಡಿಯವನು ಪುಟ್ಟ ಮಿಷನ್ನು ಹಿಡಿದು ಗರ್ರೆಂದು ಚುಕ್ಕಿ ಚುಕ್ಕಿಯಾಗಿ ಬರೆದುಕೊಡುತ್ತಾನೆ. ಹೋದ ವರ್ಷ ನಾನು ತಂದ ಒಂದು ಚೊಂಬಿನ ಕಂಠದಲ್ಲಿ 'ಸಾಕಮ್ಮ, ಕ. ಮಳಲವಾಡಿ' ಎಂದಿತ್ತು. ನಮ್ಮೂರಿನ ಹತ್ತಿರದ ಕಟ್ಟೆಮಳಲವಾಡಿ. ಮೂರು ವಾರ ಬಿಟ್ಟು ಹೋದಾಗ ಅದೇ ಹೆಸರಿನ ಮುಚ್ಚಳ ತಟ್ಟೆ ಇತ್ತು. ಜೋಡಿಯಾಗಲಿ ಎಂದು ಅದನ್ನೂ ತಂದೆ. ಆಮೇಲೆ ಲೋಟ, ಸೌಟು, ಅಂಚು ಸವೆದ ಬಟ್ಟಲು. ಒಂದು ಸಲಕ್ಕೆ ಒಂದೇ. ನಾನಲ್ಲದೆ ಬೇರೆಯವರು ಕೊಂಡುಹೋದಾರು ಎಂಬ ಆತಂಕವೂ ಶುರುವಾಯಿತು. ಯಾಕೆಂದು ಕೇಳಬೇಡಿ. ಒಬ್ಬರ ಸಾಮಾನು ಚೆಲ್ಲಾಪಿಲ್ಲಿಯಾಗಬಾರದು ಎಂದು ಮಾತ್ರ ಅನ್ನಿಸುತ್ತಿತ್ತು.

ಐದಾರು ತಿಂಗಳಲ್ಲಿ ನಮ್ಮ ಅಡುಗೆಮನೆಯ ಒಂದು ಗೂಡು ಸಾಕಮ್ಮನದಾಯಿತು. ಕತ್ತಲೆಯಲ್ಲಿ ಕೈ ಚಾಚಿದರೂ ಬೆರಳಿಗೆ ಸಿಗುತ್ತಿದ್ದದ್ದು ಆ ಚುಕ್ಕಿಗಳೇ. ಒಂದು ಭಾನುವಾರ ನನ್ನ ಯಜಮಾನರು ಪಡಸಾಲೆಯಿಂದ ತಮಾಷೆಗೆ ಕೂಗಿದರು: "ಸಾಕಮ್ಮನೋರೆ, ಕಾಫಿ ಆಯ್ತಾ?"

"ಹೂಂ, ಆಯ್ತು, ತರ್ತೀನಿ," ಎಂದೆ.

ಅವರು ಜೋರಾಗಿ ನಕ್ಕರು. ನಾನು ನಗಲಿಲ್ಲ. ತಮಾಷೆಗೆ ಓಗೊಟ್ಟದ್ದಲ್ಲ ಅದು. ಕರೆದದ್ದು ನನ್ನನ್ನೇ ಎಂದು ತಿಳಿದು ಓಗೊಟ್ಟಿದ್ದೆ.

ಮುಂದಿನ ಶನಿವಾರ ಸ್ಟೆಲ್ಲಾರನ್ನು ಕೇಳಿದೆ, ಇವನ್ನೆಲ್ಲ ತಂದು ಕೊಡುವವರು ಯಾರು ಎಂದು.

"ಒಬ್ಬರು ವಯಸ್ಸಾದ ಅಮ್ಮ. ಸೆರಗಿನೊಳಗೆ ಮುಚ್ಚಿಟ್ಕೊಂಡು ತರ್ತಾರೆ. ಹೆಸರು ಕೇಳಿದ್ರೆ ಹೇಳಲ್ಲ. ಮೇಜಿನ ಮೇಲೆ ಇಟ್ಟು, ಕೈ ಮುಗಿದು ಹೊರಟುಹೋಗ್ತಾರೆ."

"ನಿಮಗ್ಯಾಕೆ ಕೈ ಮುಗೀತಾರೆ?"

"ನನಗಲ್ಲ ಟೀಚರೇ," ಎಂದರು ಸ್ಟೆಲ್ಲಾ. "ಪಾತ್ರೆಗೆ."

ಆ ದಿನ ಅಲ್ಲಿ ಎರಡು ಸಾಮಾನಿದ್ದವು. ಒಂದು ಮುದ್ದೆ ಉಣ್ಣುವ ತಟ್ಟೆ. ಇನ್ನೊಂದು ಒಳಲೆ, ಎಳೆಗೂಸಿಗೆ ಹಾಲು ಕುಡಿಸುವ ಪುಟ್ಟದು. ತಟ್ಟೆ ಸವೆದು ತೆಳ್ಳಗಾಗಿತ್ತು. ಒಳಲೆಯ ಮೇಲೆ ಒಂದು ಗೀರಿಲ್ಲ. ಯಾವ ಕೂಸಿನ ತುಟಿಯೂ ಅದಕ್ಕೆ ತಾಗಿರಲಿಲ್ಲ. ಹೆಸರು ಮಾತ್ರ ಅದರ ಮೇಲೂ ಇತ್ತು.

ಅವೆರಡನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟೆ. ಉಣ್ಣುವ ತಟ್ಟೆಯನ್ನೇ ಕೊಟ್ಟವಳು ನಾಳೆ ಯಾವುದರಲ್ಲಿ ಉಣ್ಣುತ್ತಾಳೆ? ಇದು ಮನೆ ಹಸನು ಮಾಡುವವರು ಕೊಡುವ ರೀತಿಯಲ್ಲ. ಹೊರಡಲು ನಿರ್ಧರಿಸಿದವರು ಕೊಡುವ ರೀತಿ. ನಾನು ಮಾತ್ರ ಚೌಕಾಸಿಯ ಖುಷಿಯಲ್ಲಿ ಒಂದೊಂದನ್ನೇ ಆರಿಸಿ ತರುತ್ತಿದ್ದೆ.

ಮರುದಿನ ಮಧ್ಯಾಹ್ನ ಕಟ್ಟೆಮಳಲವಾಡಿಗೆ ಹೋದೆ. ಟೀ ಅಂಗಡಿಯ ಮುಂದೆ ಕೂತಿದ್ದ ಮುದುಕರನ್ನು ಸಾಕಮ್ಮನವರ ಮನೆ ಎಲ್ಲಿ ಎಂದು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಾಕಮ್ಮನಾ? ಚಲುವೇಗೌಡ್ರ ಮನೆ ಕೇಳ್ತಿದ್ದೀರೇನೋ. ಆ ಬ್ಯಾರನ್ ಪಕ್ಕದ್ದೇಯ. ಓಗಿ ನೋಡಿ."

ಹೊಗೆಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಬ್ಯಾರನ್ನಿನ ನೆರಳಲ್ಲಿ ಮನೆಯ ಸೊಸೆ ಮತ್ತು ಇನ್ನಿಬ್ಬರು ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದರು. ಜಗಲಿಯ ಮೇಲೆ ಎತ್ತರದ ನಿಲುವಿನ ವೃದ್ಧರೊಬ್ಬರಿದ್ದರು. ಬಿಳಿ ಪಂಚೆ, ಗರಿಗರಿ ಶರ್ಟು, ಎಲ್ಲಿಗೋ ಹೊರಟು ಮರೆತವರ ಹಾಗೆ. ನನ್ನನ್ನು ಕಂಡು ಒಳಗೆ ಮುಖ ಮಾಡಿ ಕೂಗಿದರು:

"ಸಾಕೀ, ಯಾರೋ ಬಂದವ್ರೆ ನೋಡು ಬಾ!"

"ಬಂದೇ..."

ಒಳಗಿನಿಂದ ಬಂದ ಆ ದನಿ ಕೇಳಿ ನನಗೆ ಎದೆಯ ಮೇಲಿನ ಭಾರ ಇಳಿಯಿತು. ಇದ್ದಾಳೆ. ಬಾಗಿಲಿಗೆ ಬಂದ ಹೆಂಗಸಿಗೆ ಅರವತ್ತು ದಾಟಿರಬೇಕು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

"ಸಾಕಮ್ಮನವರು ನೀವೇನಾ?" ಎಂದೆ.

ಆಕೆ ಗಂಡನ ಕಡೆ ನೋಡಿದಳು. ಆಮೇಲೆ ನನ್ನ ಮೊಣಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

"ಅಲ್ಲ ಕಣವ್ವ. ನಾನು ರತ್ನಮ್ಮ. ಸಾಕಮ್ಮ ನಮ್ಮಕ್ಕ. ಅವಳು ಸತ್ತು ನಲವತ್ತು ವರ್ಸದ ಮೇಲಾಯ್ತು."

ದಾನದಂಗಡಿಯಲ್ಲಿ ಆ ಹೆಸರಿನ ಪಾತ್ರೆಗಳನ್ನು ನೋಡಿ ಬಂದೆ ಎಂದೆ. ಹಿತ್ತಲಿನ ಕಲ್ಲಿನ ಮೇಲೆ ಕೂತು ಆಕೆ ಹೇಳಿದ್ದು ಇಷ್ಟು. ಅಕ್ಕ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ವರ್ಷ ತುಂಬುವ ಮೊದಲೇ ಅಪ್ಪ ಇವಳನ್ನು ಅದೇ ಮನೆಗೆ ಕೊಟ್ಟರು.

"'ಪಾತ್ರೆ ಪಗಡ ಎಲ್ಲಾ ಅಲ್ಲೇ ಅವಲ್ಲ, ಇನ್ನೊಂದು ದಪ ಕೊಡೋದ್ಯಾಕೆ' ಅಂದ್ರು ನಮ್ಮಪ್ಪ. ಅವಳ ಹೆಸ್ರಿನ ಚೊಂಬಲ್ಲಿ ನೀರು ಕುಡುದೆ, ಅವಳ ಹೆಸ್ರಿನ ತಟ್ಟೇಲಿ ಉಂಡೆ. ನನಗೆ ಓದಕ್ಕೆ ಬರಾಕಿಲ್ಲ. ಏನೋ ಚುಕ್ಕಿ ರಂಗೋಲಿ ಅಂದ್ಕಬೌದಿತ್ತು. ಆದ್ರೆ ಗೊತ್ತಿತ್ತಲ್ಲ."

"ಇಷ್ಟು ವರ್ಷ ಇಟ್ಕೊಂಡಿದ್ದು, ಈಗ್ಯಾಕೆ ಕೊಡ್ತಿದ್ದೀರಿ?"

"ಎರಡೊರ್ಸದಿಂದ ಇವ್ರಿಗೆ ಮರವು. ನನ್ನ ಸಾಕಿ ಅಂತಾರೆ. ಮೊದಮೊದ್ಲು 'ನಾನು ರತ್ನಿ ಕಣ್ರೀ' ಅಂತಿದ್ದೆ. 'ರತ್ನಿ ಚಿಕ್ಕುಡುಗಿ, ನಿಮ್ಮಪ್ಪನ ಮನೇಲವ್ಳೆ, ಅಬ್ಬಕ್ಕೆ ಬತ್ತಾಳೆ ಬುಡು' ಅಂತಾರೆ." ಆಕೆ ಕೈಯ ಒಣಗಿದ ಹಿಟ್ಟನ್ನು ಉಜ್ಜಿ ಉದುರಿಸುತ್ತಿದ್ದಳು. "ಹೇಳಿ ಹೇಳಿ ಸಾಕಾಗಿ ನಾನೇ ಓಗೊಡ್ತಾ ಬಂದೆ. ಈಗ ಒಂದೊಂದು ದಪ ನನಗೂವೆ ಅನುಮಾನ ಬತ್ತದೆ ಕಣವ್ವ, ಸತ್ತೋಳು ಯಾರು ಅಂತ. ಅದಕ್ಕೇ ಆ ಹೆಸ್ರ ಮನೆಯಿಂದ ಆಚ್ಗೆ ಸಾಗುಸ್ತಿದ್ದೀನಿ. ಇವ್ರ ಮಾತ್ರೆ ತರಕ್ಕೆ ಉಣಸೂರ್ಗೆ ಬಂದಾಗ ಒಂದೊಂದೇಯ."

"ಗುಜರಿಗೆ ಹಾಕಬಹುದಿತ್ತಲ್ಲ?"

ಆಕೆ ನನ್ನನ್ನು ನೋಡಿದ ನೋಟಕ್ಕೆ ಆ ಮಾತನ್ನು ವಾಪಸ್ ನುಂಗಿಕೊಳ್ಳುವ ಹಾಗಾಯಿತು.

"ಗುಜ್ರಿಯೋರು ಕರಗುಸ್ಬುಡ್ತಾರೆ. ನಮ್ಮಕ್ಕ ಅಲ್ವಾ?"

ಆಗ ನಾನು ಒಪ್ಪಿಕೊಂಡೆ, ಎಲ್ಲವೂ ನನ್ನ ಮನೆಯಲ್ಲೇ ಇವೆ ಎಂದು. ಬೇಕಾದರೆ ತಂದು ಕೊಡುತ್ತೇನೆ ಎಂದೆ. ಆಕೆ ಎರಡೂ ಕೈ ಅಡ್ಡ ಹಿಡಿದಳು. "ಬ್ಯಾಡಿ, ಬ್ಯಾಡಿ, ಇಲ್ಗೆ ತರಬ್ಯಾಡಿ." ಬಾಗಿಲ ಕಡೆ ಒಮ್ಮೆ ನೋಡಿ, ಪಿಸುಮಾತಿನಲ್ಲಿ ಕೇಳಿದಳು:

"ಚೆನ್ನಾಗವ್ಳಾ?"

ನಾನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ದೆವ್ವ ಭೂತ ಎಂದರೆ ಗದರುವವಳು. ಆದರೂ ನನ್ನ ಬಾಯಿಂದ ಬಂದದ್ದು, "ಚೆನ್ನಾಗಿದ್ದಾರೆ."

"ಒಳಲೇನೂ ನೀವೇ ತಗಂಡ್ರಾ? ಜೋಪಾನ ಕಣವ್ವ. ನನ್ನ ಮಕ್ಳಿಗೆ ಅದ್ರಲ್ಲಿ ಕುಡುಸ್ನಿಲ್ಲ ನಾನು. ಅದು ಅವಳ ಕೂಸಿಂದು."

ಆ ವಾರವೆಲ್ಲ ನನಗೆ ಅಡುಗೆಮನೆಯಲ್ಲಿ ಆ ಗೂಡಿಗೆ ಬೆನ್ನು ಮಾಡಿ ನಿಲ್ಲಲಾಗಲಿಲ್ಲ. ಹೆದರಿಕೆಯೆಂದಲ್ಲ, ಯಾರನ್ನೋ ಕೂರಿಸಿ ಮಾತನಾಡಿಸದೆ ಕೆಲಸ ಮಾಡುತ್ತಿದ್ದೇನೆ ಎನ್ನುವ ಸಂಕೋಚ. ಕೊನೆಗೆ ಪಾತ್ರೆ ಅಂಗಡಿಗೆ ಹೋಗಿ ಹೊಸ ಚೊಂಬೊಂದನ್ನು ಕೊಂಡೆ. ಹಳೆಯದಲ್ಲ, ಯಾರದೂ ಅಲ್ಲದ್ದು. ಅಂಗಡಿಯವನ ಮುಂದೆ ನಿಂತು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿ ಬರೆಸಿದೆ: 'ರತ್ನಮ್ಮ, ಕ. ಮಳಲವಾಡಿ.'

ಮತ್ತೆ ಕಟ್ಟೆಮಳಲವಾಡಿಗೆ ಹೋಗಿ ಜಗಲಿಯಲ್ಲಿ ಅದನ್ನು ಕೈಗೆ ಕೊಟ್ಟಾಗ ರತ್ನಮ್ಮ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಇದೇನಾ ನನ್ನ ಹೆಸ್ರು, ಇಷ್ಟೇನಾ, ಎಂದಳು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಅಷ್ಟರಲ್ಲಿ ಚಲುವೇಗೌಡರು ಕೈ ಚಾಚಿ ಚೊಂಬನ್ನು ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಕೂಡಿಸಿ ಕೂಡಿಸಿ ಓದಿದರು. "ರ-ತ್ನ-ಮ್ಮ." ಹೆಂಡತಿಯ ಮುಖ ನೋಡಿದರು. ಅವರ ಹಣೆ ಗಂಟಿಕ್ಕಿತು.

"ಯಾರ ಮನೆ ಚೊಂಬು ತಂದಿದ್ದೀಯಾ ಸಾಕಿ? ಕೊಟ್ಬುಡು. ಪಾಪ, ಅವ್ರು ಹುಡುಕ್ತಿರ್ತಾರೆ."

ಬ್ಯಾರನ್ನಿನ ನೆರಳಲ್ಲಿದ್ದ ಸೊಸೆಯ ಕೈ ನಿಂತಿತು. ರತ್ನಮ್ಮ ಮಾತ್ರ ಚೊಂಬನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿಕೊಂಡು ಹೊಟ್ಟೆಗೆ ಒತ್ತಿ ಹಿಡಿದಳು.

"ಹುಡುಕ್ಕಂಡು ಬರ್ಲಿ ಬುಡಿ," ಎಂದಳು. "ಬಂದಾಗ ಕೊಡಾವ."

ಇದಾಗಿ ಮೂರು ತಿಂಗಳು. ನಾನು ದಾನದಂಗಡಿಯ ಮುಂದೆ ಹಾದರೂ ಒಳಗೆ ಹೋಗಲಿಲ್ಲ. ಮೊನ್ನೆ ಮಧ್ಯಾಹ್ನ ಸೊಸೆಯ ಫೋನಿನಿಂದ ರತ್ನಮ್ಮ ಮಾತನಾಡಿದಳು. ದನಿ ಎಂದಿನಂತಿರಲಿಲ್ಲ.

"ನಿನ್ನೆ ಊಟದ ಹೊತ್ನಲ್ಲಿ ಇವ್ರು 'ರತ್ನೀ, ನೀರು ಕೊಡು' ಅಂದ್ರು ಕಣವ್ವ."

"ಹೌದಾ! ನಿಮ್ಮ ಹೆಸರೇ ಹಿಡಿದು ಕರೆದ್ರಾ?"

"ಹೂಂ. ನಾನು ಎದುರ್ಗೇ ಕೂತಿದ್ದೆ. ಯಾರ ಕರೀತಾವ್ರೆ ಅಂತ ಬಾಗ್ಲ ಕಡೆ ತಿರುಗಿ ನೋಡ್ಬುಟ್ಟೆ."

ಆಮೇಲೆ ಆಕೆಯೇ ಹೇಳಿದಳು: "ಎದ್ದು ನೀರು ಕೊಟ್ಟೆ. ಕುಡುದು ಮತ್ತೆ ಸಾಕಿ ಅಂದ್ರು. ಇರ್ಲಿ ಬುಡಿ. ನನಗ್ಯಾಕೋ ಅಕ್ಕನ ನೋಡ್ಬೇಕು ಅನ್ನುಸ್ತದೆ. ಮಾತಾಡಿ ಬಾಳ ದಿನ ಆಯ್ತು. ನಿಮ್ಮನೆಗೆ ಬರ್ಲಾ?"

ಬನ್ನಿ ಎಂದೆ. ಇವತ್ತು ಬರುತ್ತಾಳೆ. ಶಾಲೆಗೆ ರಜೆ ಹಾಕಿ, ಬೆಳಿಗ್ಗೆಯಿಂದ ಆ ಪಾತ್ರೆಗಳನ್ನೆಲ್ಲ ತೊಳೆದು, ಒರೆಸಿ, ಪಡಸಾಲೆಯಲ್ಲಿ ಚಾಪೆ ಹಾಸಿ ಸಾಲಾಗಿ ಇಟ್ಟಿದ್ದೇನೆ. ಒಳಲೆಯನ್ನು ದೊಡ್ಡ ಬಟ್ಟಲಿನ ಪಕ್ಕದಲ್ಲೇ ಇಟ್ಟೆ. ಯಜಮಾನರು ಪೇಪರು ಸರಿಸಿ ನೋಡಿದರು. ತಮಾಷೆ ಮಾಡಲಿಲ್ಲ, ಎದ್ದು ಕಿಟಕಿ ತೆಗೆದು ಬೆಳಕು ಮಾಡಿದರು.

ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ಗೇಟಿನ ಚಿಲಕ ಸರಿಯಿತು. ನಾನು ಬಾಗಿಲ ಕಡೆ ಹೋದವಳು ನಿಂತು, ಚಾಪೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದೆ:

"ನಿಮ್ಮ ತಂಗಿ ಬಂದ್ರು."