ಗ್ರಾಫ್ ಸಾರ್ ಒಂಬತ್ತು ಕಡೆ ಅಳೆದದ್ದು

ಸಭಾಂಗಣದ ಕೆಲಸಗಾರರೆಲ್ಲ ಅವನನ್ನು ಗ್ರಾಫ್ ಸಾರ್ ಎಂದೇ ಕರೆಯುತ್ತಿದ್ದರು. ಕಾರ್ಯಕ್ರಮದ ದಿನ ಮಧ್ಯಾಹ್ನ ಬರುತ್ತಿದ್ದ. ಪೆನ್ಸಿಲ್ಲಿನಷ್ಟು ಸಣ್ಣ ಅಳತೆ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಖಾಲಿ ಕುರ್ಚಿಗಳ ನಡುವೆ ನಿಲ್ಲಿಸಿ, ಸ್ಪೀಕರುಗಳಿಂದ ಒಂದೇ ಸಮನೆ ‘ಶ್‌ಶ್’ ಎಂಬ ಸದ್ದು ಬಿಡುತ್ತಿದ್ದ. ಮೈಕು ಕೇಳಿಸಿಕೊಂಡದ್ದು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಉಬ್ಬಿದ ಕಡೆ ತಗ್ಗಿಸಬೇಕು, ತಗ್ಗಿದ ಕಡೆ ತುಸು ಏರಿಸಬೇಕು, ಅಷ್ಟೇ ಕೆಲಸ. ಆದರೆ ಒಂದು ಕುರ್ಚಿಯ ಮಾತು ನಂಬುವ ಜಾಯಮಾನ ಅವನದಲ್ಲ. ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯುತ್ತಿದ್ದ. ಕಂಬದ ಹಿಂದೆ ಕೂತವನೂ ಟಿಕೆಟ್ ತಗೊಂಡೇ ಬಂದಿರ್ತಾನೆ ಎನ್ನುವುದು ಅವನ ವಾದ.

ಸೌಂಡ್ ಕಂಪನಿ ಅಕ್ಕನ ಗಂಡನದು. ಸಂಜೆ ಮಿಕ್ಸರಿನ ಮುಂದೆ ಕೂರುವವನೂ, ಕೊನೆಗೆ ಎಲ್ಲರಿಂದ ಭೇಷ್ ಅನ್ನಿಸಿಕೊಳ್ಳುವವನೂ ಆ ಭಾವನೇ. ಅಷ್ಟು ಹೊತ್ತಿಗೆ ಗ್ರಾಫ್ ಸಾರ್ ಮನೆ ಸೇರಿರುತ್ತಿದ್ದ. ಹನ್ನೊಂದು ವರ್ಷದ ಏರ್ಪಾಡು ಅದು.

ಎರಡು ವರ್ಷದಿಂದ ಅವನ ಹೊಟ್ಟೆಯೊಳಗೊಂದು ಗುಟ್ಟಿತ್ತು. ತಾರಕದ ಸದ್ದುಗಳು ಅವನ ಕಿವಿಗೆ ಬೀಳುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಹೆಂಡತಿ ಭುಜ ತಟ್ಟಿ ಹೇಳಬೇಕಾಗಿತ್ತು. ಅವಳೊಬ್ಬಳಿಗೇ ಗೊತ್ತು. “ಮೈಕು ಕೇಳಿಸ್ಕೊಳ್ಳುತ್ತೆ, ನಾನು ನೋಡ್ತೀನಿ. ಈ ಕೆಲಸಕ್ಕೆ ಕಿವಿ ಯಾಕೆ?” ಎಂದು ಅವಳಿಗೆ ಧೈರ್ಯ ಹೇಳುತ್ತಿದ್ದ. ವಿಷಯ ಹೊರಬಿದ್ದರೆ ಕೆಲಸ ಹೋದಂತೆಯೇ ಎಂದು ಇಬ್ಬರಿಗೂ ತಿಳಿದಿತ್ತು.

ಆ ದಿನ ಅಳತೆ ಮುಗಿಯುವ ಹೊತ್ತಿಗೆ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು.

“ಸಾರ್, ಕಿವಿಯೊಳಗೆ ಸೂಜಿ ಆಡಿಸ್ದಂಗೆ ಆಗ್ತಿದೆ.”

“ದಿನಾ ಇದೇ ಹಾಡು ನಿಂದು.”

“ದಿನಾ ತಮಾಷೆಗೆ ಹೇಳ್ತಿದ್ದೆ. ಇವತ್ತು ನಿಜ ಹೇಳ್ತಿದೀನಿ.”

ಅವನು ಲ್ಯಾಪ್‌ಟಾಪಿನ ತೆರೆ ನೋಡಿದ. ಗೆರೆ ಒರೆಸಿಟ್ಟ ಮೇಜಿನಂತೆ ಸಪಾಟಾಗಿತ್ತು. ನಕ್ಕು, ಸೇವ್ ಮಾಡಿ, ಗಂಟುಮೂಟೆ ಕಟ್ಟಿದ.

ಮನೆಯಲ್ಲಿ ಮೈಕು ಒರೆಸುವಾಗ ಅದರ ಮೇಲಿನ ಸಂಖ್ಯೆ ಕಣ್ಣಿಗೆ ಬಿತ್ತು. ಲ್ಯಾಪ್‌ಟಾಪ್ ತೆರೆದು ನೋಡಿದ, ಅಲ್ಲಿದ್ದ ಸಂಖ್ಯೆ ಬೇರೆ. ಪ್ರತಿ ಅಳತೆ ಮೈಕಿಗೂ ಅದರದೇ ತಿದ್ದುಪಡಿಯ ಫೈಲು ಇರುತ್ತದೆ. ಈ ಮೈಕು ಇಲ್ಲಿ ಇಷ್ಟು ಸುಳ್ಳು ಹೇಳುತ್ತದೆ, ಅಷ್ಟನ್ನು ಕಳೆದು ಓದು ಎಂದು. ಹಳೇ ಮೈಕು ಕೆಟ್ಟು ಹೊಸದು ಬಂದು ಮೂರೇ ದಿನವಾಗಿತ್ತು, ಬಳಸಿದ್ದು ಅಂದೇ ಮೊದಲು. ಫೈಲು ಮಾತ್ರ ಹಳೆಯದೇ ಉಳಿದಿತ್ತು. ಹಳೆಯದು ತಾರಕದಲ್ಲಿ ಹೆಚ್ಚಿಗೆ ಹೇಳುವ ಬಡಾಯಿಕೋರ. ಅದಕ್ಕೆಂದು ಕಳೆಯುವ ಲೆಕ್ಕ ಸತ್ಯವಂತ ಹೊಸ ಮೈಕಿಗೂ ಬಿದ್ದು, ಇಲ್ಲದ ಹಳ್ಳ ಗೆರೆಯಲ್ಲಿ ಕಂಡಿತ್ತು. ಆ ಹಳ್ಳವನ್ನು ಅವನು ಕೈಯಾರೆ ತುಂಬಿದ್ದ. ಕಿವಿ ನೆಟ್ಟಗಿದ್ದ ಯಾರೇ ಆಗಿದ್ದರೂ ಅರೆಕ್ಷಣದಲ್ಲಿ ಕೈ ತೆಗೆಯುತ್ತಿದ್ದರು.

“ಸಾವಿರ ಜನ ಕಿವಿ ಮುಚ್ಕೊಂಡು ಎದ್ದು ಹೋಗ್ತಾರೆ ಕಣೇ,” ಎಂದ.

“ಫೋನ್ ಮಾಡಿ ಹೇಳಿ.”

“ಕಾರ್ಯಕ್ರಮದಲ್ಲಿ ಭಾವ ಫೋನ್ ಎತ್ತಲ್ಲ. ನಾನೇ ಹೋಗ್ಬೇಕು.”

“ನಿಮ್ಮ ಕಿವಿ ವಿಷಯಾನೂ ಹೇಳ್ಬೇಕಾಗುತ್ತೆ.”

“ಹೇಳ್ತೀನಿ.”

ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದ. ಬಾಗಿಲು ತಳ್ಳಿದಾಗ ಹಾಡು ನಡೆದಿತ್ತು. ಅವನಿಗೆ ಸದ್ದು ಮೊಂಡಾಗಿ ಕೇಳಿತು, ಎಂದಿನಂತೆ. ಆದ್ದರಿಂದ ಜನರ ಮುಖ ನೋಡಿದ. ಯಾರೂ ಮುಖ ಸಿಂಡರಿಸಿರಲಿಲ್ಲ. ಕಂಬದ ಪಕ್ಕದ ಮುದುಕಿಯೊಬ್ಬಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು.

ಮಿಕ್ಸರಿನ ಪಕ್ಕದ ಪೆಟ್ಟಿಗೆ ನೋಡಿದ. ಅವನ ತಿದ್ದುಪಡಿಗಳೆಲ್ಲ ಕೂತಿರುವ ಪೆಟ್ಟಿಗೆ ಅದು. ಅದರ ಬೈಪಾಸ್ ಗುಂಡಿ ಕೆಂಪಗೆ ಉರಿಯುತ್ತಿತ್ತು. ಅಂದರೆ ಸದ್ದು ಆ ಪೆಟ್ಟಿಗೆಯ ಹೊಸಿಲನ್ನೂ ತುಳಿಯದೆ ನೇರ ಸ್ಪೀಕರಿಗೆ ಹೋಗುತ್ತಿತ್ತು.

“ಏನೋ ಭಾಮೈದ, ಹಾಡು ಕೇಳೋ ಹುಚ್ಚು ಯಾವಾಗಿಂದ?” ಎಂದ ಭಾವ, ಕೈ ಮಿಕ್ಸರಿನ ಮೇಲಿಟ್ಟೇ.

“ಇವತ್ತಿನ ಅಳತೆ ತಪ್ಪಾಗಿದೆ ಭಾವ. ನೀವು ಗುರುತು ಹಿಡಿದು ಬೈಪಾಸ್ ಮಾಡಿದ್ರಾ?”

“ತಪ್ಪಾಗಿತ್ತಾ? ನಾನು ಹಾಕಿ ನೋಡಿದ್ರಲ್ವಾ ಗೊತ್ತಾಗೋಕೆ.”

“ಇವತ್ತು ಹಾಕ್ಲಿಲ್ವಾ?”

“ಯಾವತ್ತು ಹಾಕಿದೀನಿ? ಮೂವತ್ತು ವರ್ಷದ ಕಿವಿ ಇದು. ನೀನು ಆ ಕಡೆ ಹೋಗ್ತಿದ್ದಂಗೆ ಗುಂಡಿ ಒತ್ತಿ ಕೂರ್ತೀನಿ.”

“ಹನ್ನೊಂದು ವರ್ಷ, ಭಾವ.”

“ಮತ್ತೆ? ಬುಕ್ ಮಾಡೋರು ಮಧ್ಯಾಹ್ನ ಬಂದು ನಿನ್ನ ಗೆರೆ ನೋಡಿ ಬೆರಗಾಗ್ತಾರೆ. ಬೇರೆ ಕಂಪನಿಯೋರ ಹತ್ರ ಇಲ್ವಲ್ಲ ಅದು. ನಿಮ್ಮಕ್ಕಂಗೂ ಸಮಾಧಾನ.”

ಬಾಯಿಪಾಠದ ಮಾತು ಬಿಟ್ಟು ಅವನು ಕೆಂಪು ಗುಂಡಿಯನ್ನೇ ನೋಡಿದ. ಅವನ ಕಿವಿ ಹೋದದ್ದನ್ನು ಈ ಮನುಷ್ಯನಿಗೆ ಹೇಳಿ ಆಗಬೇಕಾದದ್ದಾದರೂ ಏನು? ಕಿವಿ ಇದ್ದಾಗ ಮಾಡಿದ್ದೂ, ಹೋದ ಮೇಲೆ ಮಾಡಿದ್ದೂ ಒಂದೇ ಗುಂಡಿಯ ಕೆಳಗೆ ಸಮವಾಗಿದ್ದವು.

ಹಾಡು ಮುಗಿದು ಚಪ್ಪಾಳೆ ಎದ್ದಿತು. ಭಾವ ಅವನ ಕಡೆ ಬಾಗಿದ.

“ನಾಳೆ ಎರಡು ಗಂಟೆಗೆ ಬಾ. ದೊಡ್ಡ ಪರದೆ ತಗೊಂಡು ಬಾ, ಗೆರೆ ಚೆನ್ನಾಗಿ ಕಾಣ್ಬೇಕು.”

“ಯಾವ ಮೈಕಿನ ಫೈಲ್ ಹಾಕ್ಲಿ?”

“ಅದೇನು ಫೈಲೋ,” ಎಂದ ಭಾವ, ಮುಂದಿನ ಹಾಡಿಗೆ ಕೈ ಎತ್ತುತ್ತ. “ಯಾವ್ದಾದ್ರೂ ಹಾಕು.”