ಏಣಿಗೆ ಎರಡು ಬೋರ್ಡು

ಮೊನ್ನೆ ಅಂಕೋಲಾ ಪೇಟೆಯಲ್ಲಿ ಯಾರೋ ಗೇಟಿಗೆ ತುಕ್ಕು ತಡೆಯುವ ಕೆಂಪು ಬಣ್ಣ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ, ಕಾಲು ನಿಂತುಬಿಟ್ಟಿತು. ಬಾಜೂಮನೆ ಮೈದುನನ ಅಂಗಿಗೆ ಯಾವಾಗಲೂ ಅದೇ ವಾಸನೆ... ಮೈದುನ ಅಂದರೆ ಕರೆಯುವ ಸಂಬಂಧ ಅಷ್ಟೇ, ರಕ್ತದ್ದಲ್ಲ.

ಕೇಣಿ ಕಡೆಯ ಐಸ್ ಫ್ಯಾಕ್ಟರಿಯಲ್ಲಿ ನಾನು ಮೀನಿನ ಕ್ರೇಟು ತೊಳೆಯುತ್ತಿದ್ದೆ. ಅವನು ಫಿಟ್ಟರು. ಗೋಡೆಗೆ ಬೆಸೆದ ಕಬ್ಬಿಣದ ಏಣಿ ಹತ್ತಿ ಮೇಲಿನ ನೀರಿನ ಟಾಂಕಿ ನೋಡುವುದು, ತುಕ್ಕು ಕಂಡಲ್ಲಿ ಬಣ್ಣ ಬಳಿಯುವುದು ಅವನ ಕೆಲಸ. ಎಷ್ಟೋ ವರ್ಷ ಬರಿಗೈಯಲ್ಲೇ ಹತ್ತಿದ, ಇಳಿದ. ಏನೂ ಆಗಿರಲಿಲ್ಲ.

ಆಮೇಲೆ ಒಬ್ಬ ಸಾಹೇಬ ಬಂದ. ಬೀಳಬಾರದು ಅಂತ ಏಣಿಯ ಸುತ್ತ ಗೂಡಿನ ಹಾಗೆ ಕಬ್ಬಿಣದ ಬಳೆ ಹಾಕಿಸಿದ, ಬೋರ್ಡು ತೂಗಹಾಕಿಸಿದ. ಮರುವರ್ಷ ಇನ್ನೊಬ್ಬ ಬಂದ. ಬಳೆ ಯಾರನ್ನೂ ಹಿಡಿಯುವುದಿಲ್ಲ ಅಂದ, ಏಣಿಯ ಪಕ್ಕ ಮೇಲಿಂದ ಕೆಳತನಕ ಹಗ್ಗ ಇಳಿಬಿಡಿಸಿದ, ಸೊಂಟಕ್ಕೆ ಬೆಲ್ಟು ತರಿಸಿದ. ಅವನದೂ ಒಂದು ಬೋರ್ಡು. ಹಳೆಯದನ್ನು ಯಾರೂ ತೆಗೆಯಲಿಲ್ಲ.

ಮೈದುನನಿಗೆ ಓದು ಬರದು. ನನ್ನದು ಎರಡನೇ ಇಯತ್ತೆ. "ಓದಿ ಹೇಳು ಅತ್ತಿಗೆ" ಅಂದ. ಅಕ್ಷರ ಕೂಡಿಸಿ ಓದಿದೆ. ಬಳೆಯೊಳಗೆ ಹಗ್ಗ ಸಿಕ್ಕಿಸಬಾರದು, ತೊಡಕುತ್ತದೆ ಅಂತ ಹಳೆಯದು. ಹಗ್ಗಕ್ಕೆ ಬೆಲ್ಟಿನ ಕೊಕ್ಕೆ ಸಿಕ್ಕಿಸದೆ ಹತ್ತಲೇಬಾರದು ಅಂತ ಹೊಸದು.

"ಮದುಮಗಳಿಗೆ ತೊಡಿಸ್ದಾಂಗೆ ಬಳೆ ತೊಡಿಸಿದ್ರು, ಈಗ ಕೊಡಪಾನಕ್ಕೆ ಕಟ್ದಾಂಗೆ ಹಗ್ಗ ಕಟ್ತ್ರು!" ಎಂದು ನಕ್ಕ. ಮೇನೇಜರನನ್ನು ಕೇಳಿದರೆ, "ಎರಡೂ ರೂಲೇ ಮಾರಾಯ, ಎರಡನ್ನೂ ಪಾಲಿಸು" ಅಂದನಂತೆ.

ನಾನೇ ದಾರಿ ಹೇಳಿದೆ. ಬಳೆ ಶುರುವಾಗುವ ತನಕ ಕೊಕ್ಕೆ ಹಾಕು. ಬಳೆಯೊಳಗೆ ಬಿಚ್ಚು. ಮೇಲೆ ಬಳೆ ಮುಗಿದಲ್ಲಿ ತಿರುಗಿ ಹಾಕು.

"ನೀನೇ ಸಾಹೇಬ ಆಗಬೇಕಾಗಿತ್ತು ಅತ್ತಿಗೆ" ಅಂದ. ನನಗೆ ಹೆಮ್ಮೆ ಆಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ, ಮೇಲೆ ಬಳೆ ಮುಗಿಯುವಲ್ಲಿ ಒಂದು ಕೈ ಬಿಟ್ಟು ಹಗ್ಗಕ್ಕೆ ತಡಕಾಡಿದ. ಕಾಲು ಜಾರಿತು. ಬಳೆಯೊಳಗೇ ಕೆಳಗೆ ಬಂದ, ಒಂದೊಂದಕ್ಕೂ ಬಡಿಯುತ್ತ... ನೆಲಕ್ಕೆ ಬಿದ್ದಾಗ ಕೊಕ್ಕೆ ಮುಷ್ಟಿಯಲ್ಲೇ ಇತ್ತು. ಉಸಿರಿರಲಿಲ್ಲ. ನಾನು ಕ್ರೇಟು ಹಿಡಿದೇ ನಿಂತಿದ್ದೆ.

ವಿಚಾರಣೆಗೆ ಬಂದವರು ಕೇಳಿದರು, "ಯಾವ ಬೋರ್ಡು ಮೀರಿದ?"

"ಎರಡನ್ನೂ ಪಾಲಿಸಿದ" ಅಂದೆ. ಬರೆಯುವವನು ಅದನ್ನೇ ಬರೆದುಕೊಂಡ. ಹಾಗೆ ಹತ್ತಲು ಹೇಳಿಕೊಟ್ಟದ್ದು ಯಾರು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗಲೂ ಅವನ ಹೆಂಡತಿ ಫ್ಯಾಕ್ಟರಿಯ ಕಾಗದ ಹಿಡಿದು ಬೇಲಿ ಹತ್ತಿರ ಬಂದು, "ಅಕ್ಕಾ, ಈ ಕಾಗದದಲ್ಲಿ ಎಂತ ಬರೆದೀದ್ರು ನೋಡೇ" ಅನ್ನುತ್ತಾಳೆ. ಕಣ್ಣು ಮಂಜಾಗಿದೆ, ಬೇರೆಯವರಿಗೆ ತೋರಿಸು ಅನ್ನುತ್ತೇನೆ.

ಕಣ್ಣು ಸರಿಯಾಗೇ ಇದೆ. ಅವಳ ಬೋಳು ಹಣೆ ಇಲ್ಲಿಂದಲೇ ಕಾಣುತ್ತದೆ.